ಮುಂದಿನ ತಿಂಗಳಿಗೂ ಹಾಕಿಟ್ಟ ಸಹಿ

ದೊಡ್ಡಬಳ್ಳಾಪುರದ ಒಂದು ವಾಣಿಜ್ಯ ಕಟ್ಟಡಕ್ಕೆ ನಾನು ಮ್ಯಾನೇಜರ್. ಕೆಳಗೆ ಸೀರೆ ಅಂಗಡಿ, ಅದರ ಮೇಲೆ ಹಲ್ಲಿನ ಕ್ಲಿನಿಕ್ಕು, ಇನ್ನೂ ಮೇಲಿನ ಎರಡು ಮಹಡಿಗಳಲ್ಲಿ ಟ್ಯೂಷನ್ ಸೆಂಟರ್. ಬೆಂಕಿಯೆಂದರೆ ನನಗೆ ಭಯ. ಅದಕ್ಕಿಂತ ಭಯ ರಿಜಿಸ್ಟರಿನ ಖಾಲಿ ಕಾಲಂ. ತಿಂಗಳಿಗೊಮ್ಮೆ ಬೆಂಕಿ ಆರಿಸುವ ಪಂಪು ಓಡಿಸಿ, ಪ್ರತಿ ಮಹಡಿಯ ಹೋಸು ಪೈಪಿನಲ್ಲಿ ನೀರು ಬರುತ್ತದೆಯೇ ಎಂದು ನೋಡಿ ಅದರಲ್ಲಿ ಬರೆಯಬೇಕು. ಎಲ್ಲಿ ಮರೆತುಬಿಡುತ್ತೇನೋ ಎಂದು ನಾನು ಮೊದಲೇ ಬರೆದು ಸಹಿ ಹಾಕಿಡುತ್ತಿದ್ದೆ. ನೆಂಟರ ಮದುವೆಗೆ ಹೊರಟರೆ ಒಂದು ತಿಂಗಳದ್ದು, ಮಂಡಿನೋವು ಬಂದರೆ ಮೂರು ತಿಂಗಳದ್ದು.

ಮಾಲೀಕರು ಈ ದಾಖಲೆಯ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಒಪ್ಪಿಸಿದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಹತ್ತು ದಿನದಲ್ಲಿ ಅಗ್ನಿ ಸುರಕ್ಷತಾ ಪತ್ರದ ನವೀಕರಣಕ್ಕೆ ಅಧಿಕಾರಿ ಬರುವವರಿದ್ದರು. ಪತ್ರ ಸಿಗದಿದ್ದರೆ ಟ್ಯೂಷನ್ ಸೆಂಟರಿಗೆ ಬೀಗ, ನನಗೆ ಮನೆದಾರಿ.

ಕಂಪನಿಯಿಂದ ಬಂದಾಕೆ ನಮ್ಮ ಪೇಟೆಯವರೇ. ಫೋನಿನಲ್ಲಿ ಅಮ್ಮನ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುತ್ತ, ಕೈಯಲ್ಲಿ ಟ್ಯಾಬ್ ಹಿಡಿದು ಒಳಗೆ ಬಂದರು. ನಾನು ಹೆಮ್ಮೆಯಿಂದಲೇ ರಿಜಿಸ್ಟರ್ ಕೊಟ್ಟೆ. "ಒಂದು ಕಾಲಮ್ಮೂ ಖಾಲಿ ಇಲ್ಲಮ್ಮ. ಹಂಗೇ ಇಳಿಸ್ಕೊಂಬಿಡಿ."

ಹಾಳೆ ತಿರುವುತ್ತಿದ್ದಾಕೆ ನಿಂತರು. "ಸಾರ್, ಮುಂದಿನ ತಿಂಗಳೂ ಪಂಪು ಚೆನ್ನಾಗೇ ಓಡ್ತಾ?"

"ಅದು... ಅಡ್ವಾನ್ಸಾಗಿ..."

"ಸಿನಿಮಾ ಟಿಕೆಟ್ಟಾ ಇದು? ನಾನು ಕಣ್ಣಾರೆ ನೋಡಿದ್ದಷ್ಟೇ ಬರಿಯೋದು. ಬನ್ನಿ, ಮೇಲಿಂದ ಶುರು ಮಾಡಣ."

ಮೇಲಿನ ಮಹಡಿಯ ಹೋಸು ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಗೋಡೆಯಾಚೆ ಮಕ್ಕಳು ಒಕ್ಕೊರಲಿನಲ್ಲಿ ಏನೋ ಸೂತ್ರ ಒಪ್ಪಿಸುತ್ತಿದ್ದರು. ಆಕೆ ಫೋಟೋ ತೆಗೆದು, ಕೆಂಪಕ್ಷರದಲ್ಲಿ 'ನೀರು ಬರಲಿಲ್ಲ' ಎಂದು ಬರೆದರು. ಅದರ ಕೆಳಗೆ 'ಹಳೆಯ ರಿಜಿಸ್ಟರ್ ನಂಬುವಂತಿಲ್ಲ'.

"ರಿಪೇರಿ ಮಾಡಿಸ್ತೀನಿ, ಆಮೇಲೆ ಬರೀರಮ್ಮ. ಆಫೀಸರ್ ಕಣ್ಣಿಗೆ ಬಿದ್ರೆ?"

"ಬೀಳ್ಲಿ ಬಿಡಿ. ರಿಪೇರಿ ಆದ್ರೆ ಅದನ್ನೂ ಬರೀತೀನಿ. ಇದನ್ನ ಮಾತ್ರ ಅಳ್ಸಲ್ಲ."

ಆ ಹೋಸಿಗೆ ನೀರು ಬಿಡುವ ವಾಲ್ವನ್ನು ಬಣ್ಣ ಹೊಡೆಯುವವರು ಯಾವಾಗಲೋ ಮುಚ್ಚಿದ್ದರು; ಅದು ತುಕ್ಕು ಹಿಡಿದು ಕೂತಿತ್ತು. ಪ್ಲಂಬರ್ ಎರಡು ಸಲ ಕೈಚೆಲ್ಲಿದ. ಆಕೆಯ ಕೆಲಸ ಬರೆಯುವುದಷ್ಟೇ; ಆದರೂ ನೀರು ಬರುವ ತನಕ ಮೂರು ಸಲ ಬಂದು, ಪ್ರತಿ ಸಲವೂ ಮೆಟ್ಟಿಲು ಹತ್ತಿ ನೋಡಿದರು. ಅಷ್ಟು ವರ್ಷ ಅದೇ ಮೆಟ್ಟಿಲ ಬುಡದಲ್ಲಿ ಕೂತು 'ಸರಿ ಇದೆ' ಎಂದು ಬರೆದವನು ನಾನು.

ಅಧಿಕಾರಿ ಬಂದರು. ಟ್ಯಾಬನ್ನು ಬಹಳ ಹೊತ್ತು ನೋಡಿದರು. "ಯಾರ್ರೀ ಇದು ಕೆಂಪಲ್ಲಿ?"

ಆಕೆ ಪಕ್ಕದಲ್ಲೇ ನಿಂತಿದ್ದರು. "ಬರ್ದಿದ್ದು ಅವ್ರು ಸಾರ್," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನೋಡ್ದೇ ಸಹಿ ಹಾಕ್ತಿದ್ದೋನು ನಾನು."

ಅಧಿಕಾರಿ ಮೇಲಿನ ಮಹಡಿಗೆ ಹತ್ತಿ, ಹೋಸು ತೆರೆಸಿದರು. ನೀರು ಎಂಥ ರಭಸದಲ್ಲಿ ನುಗ್ಗಿತೆಂದರೆ ಅವರ ಪ್ಯಾಂಟು ಮಂಡಿಯವರೆಗೆ ತೋಯ್ದುಹೋಯಿತು. ಪ್ಯಾಂಟು ಹಿಂಡಿಕೊಳ್ಳುತ್ತ, "ಪತ್ರ ಕೊಡ್ತೀನಿ. ತಿಂಗಳ ತಿಂಗಳ ದಾಖಲೆ ಮಾತ್ರ ಈಯಮ್ಮನ ಕೈಯಿಂದ್ಲೇ ಬರ್ಬೇಕು," ಎಂದರು.

ಅಷ್ಟರಲ್ಲಿ ಟ್ಯೂಷನ್ ಮೇಡಂ ಬಾಗಿಲು ತೆಗೆದು ನನ್ನನ್ನು ಗದರಿದರು: "ಏನ್ರೀ ಇದು ಗಲಾಟೆ? ಪಾಠ ನಡೀತಿಲ್ವಾ?"

"ನಡೀಲಿ ಮೇಡಂ," ಎಂದೆ, "ನಡೀಲಿ."