ಜಟ್ಟೆಪ್ಪ ದೇಸಾಯಿ ಕಟ್ಟಿಸಿದ ಮಠ

ಮರಾಠಿ ನಾಡಿನ ಮುಂಬ್ರಾ ಗುಡ್ಡದ ಕಲ್ಲುಗಣಿಯಲ್ಲಿ ಜಟ್ಟೆಪ್ಪ ಕೂಲಿಗಳ ಕೆಲಸ ನೋಡಿಕೊಳ್ಳುವ ಮುಕಾದಮನಾಗಿದ್ದ. ಯಾರಾದರೂ ಹೆಸರು ಕೇಳಿದರೆ ಮಾತ್ರ 'ಜಟ್ಟೆಪ್ಪ ದೇಸಾಯಿ' ಎಂದು ಎದೆಯೆತ್ತಿ ಹೇಳುತ್ತಿದ್ದ. ಸಿಂದಗಿ ಸೀಮೆಯಲ್ಲಿ ಅವನ ಮುತ್ಯಾ ದೇಸಗತಿ ನಡೆಸಿ, ಮೂರು ಮಠಗಳಿಗೆ ಭೂಮಿ ಬಿಟ್ಟಿದ್ದನಂತೆ. ದೇಸಗತಿ ಹೋಯಿತು, ವಾಡೆ ಬಿತ್ತು. ಉಳಿದದ್ದು ಆ ಹೆಸರು ಮತ್ತು ಮಠ ಕಟ್ಟಿಸುವ ಚಟ. ಹೆಸರಿನಿಂದ ಹೆಂಡತಿ ಚಂದ್ರಬಾಯಿಗೆ ತೊಂದರೆಯಿರಲಿಲ್ಲ. ಚಟ ಮಾತ್ರ ಅವಳ ಜೀವ ಹಿಂಡುತ್ತಿತ್ತು.

೧೯೭೬ರಲ್ಲಿ ಗುಡ್ಡದ ಬುಡದಲ್ಲಿ ಅವನು ಮಠಕ್ಕೆ ಅಸ್ತಿಭಾರ ಹಾಕಿದ. ಮೂರು ವರ್ಷ, ಪ್ರತಿ ಆಯ್ತವಾರ, ಚಂದ್ರಬಾಯಿ ಮತ್ತು ಗಣಿಯ ಹೆಂಗಸರು ತಲೆಯ ಮೇಲೆ ಕಲ್ಲು ಹೊತ್ತರು. ಅವರ ಗುಡಿಸಲಿಗೆ ತಗಡಿನ ಗೋಡೆ, ಮಠಕ್ಕೆ ಕೆತ್ತಿದ ಕಲ್ಲಿನ ಗೋಡೆ.

ಮೊದಲು ಬಂದ ಸ್ವಾಮಿಗಳು ರೈಲಿನ ಸದ್ದಿಗೆ ಪೂಜೆ ಕೆಡುತ್ತದೆಂದು ಐದೇ ತಿಂಗಳಲ್ಲಿ ಹೊರಟುಹೋದರು. ಎರಡನೆಯವರಿಗೆ ಖಾಡಿಯ ಉಪ್ಪುನೀರಿನ ಗಾಳಿ ಒಗ್ಗಲಿಲ್ಲ. ಒಬ್ಬೊಬ್ಬರು ಬಂದಾಗಲೂ, ಹೋದಾಗಲೂ ನೂರು ಮಂದಿಗೆ ರೊಟ್ಟಿ ಬಡಿದವಳು ಚಂದ್ರಬಾಯಿಯೇ.

ಮಠ ಖಾಲಿ ಬಿದ್ದಿತು. ಜಟ್ಟೆಪ್ಪ ಹೊಸ ಸ್ವಾಮಿಗಳನ್ನು ಹುಡುಕುವ ಬದಲು ಪೇಂಟರನನ್ನು ಕರೆತಂದ. ಡೊಂಬಿವಲಿಯ ಹೋಟೆಲುಗಳಿಗೆ ಬೋರ್ಡು ಬರೆಯುವ ಉಡುಪಿಯ ಭುಜಂಗ ಅವನು. ಒಂದು ವಾರದಲ್ಲಿ ಮಠದ ಗೋಡೆಯ ಮೇಲೆ ರುಮಾಲು ಸುತ್ತಿದ, ಹುರಿಮೀಸೆಯ ಜಟ್ಟೆಪ್ಪ ಮೂಡಿದ. ಇಡೀ ಮಠ ಅವನ ಅಂಗೈ ಮೇಲಿತ್ತು.

ಚಂದ್ರಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನ್ರೀ ಇದು? ಇಡ್ಲಿ ಪ್ಲೇಟ್ ಹಿಡದಂಗ ಹಿಡದೀರಲ್ಲ!"

"ದಾನಿಗಳನ್ನ ಹಂಗ ಬರೀತಾರ. ನಮ್ಮ ಮುತ್ಯಾನ ಚಿತ್ರಾನೂ ಹಂಗ ಐತಿ."

"ಕಲ್ಲು ಹೊತ್ತವ್ರು ನಾವು. ನಮ್ಮ ಚಿತ್ರ ಎಲ್ಲೈತಿ?"

"ಎಲ್ಲಾರನ್ನೂ ಬರದ್ರ ಗ್ವಾಡಿ ಸಾಲಂಗಿಲ್ಲ."

ಭುಜಂಗ ಕುಂಚ ಒರೆಸುತ್ತ ಮೆಲ್ಲಗೆ ಹೇಳಿದ: "ಜಾಗ ಉಂಟು ಅಮ್ಮ. ನಾನು ಬರೀತೇನೆ ಅಂತ ಹೇಳಿದ್ದೆ. ಇವರೇ ಬೇಡ ಅಂದದ್ದು."



೧೯೮೧ರ ಜುಲೈ. ಒಂದು ಮಧ್ಯಾಹ್ನ ಬಿರುಗಾಳಿ ಮಳೆಗೆ ಹನ್ನೊಂದು ಗುಡಿಸಲುಗಳ ತಗಡು ಹಾರಿಹೋಯಿತು. ಚಂದ್ರಬಾಯಿ ಇಬ್ಬರು ಮಕ್ಕಳ ಕೈ ಹಿಡಿದು, ಪಾತ್ರೆಗಳ ಗಂಟು ಹೊತ್ತು, ನೆಟ್ಟಗೆ ಮಠಕ್ಕೆ ನಡೆದಳು. ಉಳಿದ ಹೆಂಗಸರು ಹಿಂದೆಯೇ ಬಂದರು. ಜಟ್ಟೆಪ್ಪ ಬಾಗಿಲಿಗೆ ಅಡ್ಡ ನಿಂತ.

"ಸಂಸಾರಸ್ತರು ಮಠದಾಗ ಇರಬಾರ್ದು!"

"ಸ್ವಾಮಿಗೋಳು ಇರಂಗಿಲ್ಲ ಅಂತಾರ, ನೀವು ನಮಗ ಇರಬ್ಯಾಡ ಅಂತೀರಿ. ಮತ್ತ ಯಾರ ಸಲುವಾಗಿ ಕಟ್ಟೀರಿ ಇದನ್ನ? ಸರೀರಿ ಆಕಡೆ. ಹುಡುಗ್ರು ತೋಯ್ಯಾಕತ್ತಾರ."

ಅವನು ಸರಿದ.

ಶ್ರಾವಣದಲ್ಲಿ ರಾಯಚೂರು ಕಡೆಯ ವೃದ್ಧ ಸ್ವಾಮಿಗಳೊಬ್ಬರು ಮಠ ನೋಡಲು ಬಂದರು. ಒಳಗೆ ತೊಟ್ಟಿಲು ತೂಗುತ್ತಿತ್ತು, ಹಗ್ಗದ ಮೇಲೆ ಸೀರೆಗಳು ಒಣಗುತ್ತಿದ್ದವು, ಮೂಲೆಯಲ್ಲಿ ರೊಟ್ಟಿ ಬೇಯುತ್ತಿತ್ತು. ಜಟ್ಟೆಪ್ಪ ಬೆವೆತು ಅವರ ಕಾಲಿಗೆ ಬಿದ್ದ. "ತಪ್ಪಾಗೇತ್ರಿ ಅಜ್ಜಾರ, ನಾಳೇನ ಎಲ್ಲಾರನ್ನೂ ಖಾಲಿ ಮಾಡಸ್ತೀನಿ."

ಅಜ್ಜಾರು ಅವನನ್ನು ದಾಟಿ ಹೋಗಿ ಒಲೆಯ ಹತ್ತಿರ ಕುಳಿತರು. "ಹಸಿವಾಗೇತಿ ತಂಗಿ. ಒಂದು ರೊಟ್ಟಿ ಕೊಡು."

ಎರಡು ರೊಟ್ಟಿ ತಿಂದ ಮೇಲೆ, ಇವರು ಇಲ್ಲಿದ್ದರೆ ತಾವೂ ಇರುವುದಾಗಿ ಹೇಳಿದರು. ಗುಡಿಸಲುಗಳಿಗೆ ತಗಡು ಬರುವವರೆಗೆ ಎಲ್ಲರೂ ಅಲ್ಲಿಯೇ ಇದ್ದರು. ಆಮೇಲೂ ಅಡುಗೆಮನೆ ಹೆಂಗಸರದ್ದೇ ಆಯಿತು. ಅಜ್ಜಾರು ಪಡಸಾಲೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು.

ಮೂರು ವರ್ಷ ಚಂದ್ರಬಾಯಿ ನೆಮ್ಮದಿಯಾಗಿದ್ದಳು. ಒಂದು ಬೆಳಗ್ಗೆ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವಳ ಪಕ್ಕದಲ್ಲಿ ಜಟ್ಟೆಪ್ಪ ಕುಕ್ಕರಗಾಲಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡ.

"ಐರೋಲಿಯಾಗ ಒಂದು ಜಾಗ ನೋಡೇನಿ. ಸಣ್ಣ ಮಠ. ಭಾಳ ಸಣ್ಣದು."

ಚಂದ್ರಬಾಯಿ ಹಿಟ್ಟಿನ ಮುದ್ದೆಯನ್ನು ಕಲ್ಲಿಗೆ ಬಡಿದ ಸಪ್ಪಳಕ್ಕೆ ಪಡಸಾಲೆಯ ಮಕ್ಕಳು ಓದು ನಿಲ್ಲಿಸಿದರು. ಅಜ್ಜಾರು ಬಾಗಿಲಲ್ಲಿ ಇಣುಕಿ, "ಏನಾತವ್ವಾ?" ಎಂದರು.

"ಇವ್ರನ್ನ ಕೇಳ್ರಿ!" ಎಂದಳು ಚಂದ್ರಬಾಯಿ.