ಬಾಗಿಲಿಗೆ ಅಡ್ಡ ನಿಂತವಳು

ನಮ್ಮ ಚಿಕ್ಕಮ್ಮ ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ಹೆಂಗಸು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಪುಕ್ಕಲಿ ಅಂತ. ಅಂಥವಳು ನಲವತ್ತು ದಾಟಿದ ಮೇಲೆ ಮಾನಸಿಕ ಆಸ್ಪತ್ರೆಯಲ್ಲಿ ಆಯಾ ಕೆಲಸದ ತರಬೇತಿಗೆ ಸೇರಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ನಮ್ಮಲ್ಲೇ ಇದ್ದಳು. ಅಕ್ಕನ ಮನೆಯ ಹಂಗಿನ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ವಯಸ್ಸಿನವಳನ್ನು ಕೆಲಸಕ್ಕೆ ಬಾ ಎಂದದ್ದು ಆ ಆಸ್ಪತ್ರೆ ಒಂದೇ.

ಮೊದಲ ವಾರವೇ ಅವಳು ಮಾನ ಕಳೆದುಕೊಂಡಳು. ಊಟ ಬಡಿಸುವಾಗ ಒಬ್ಬ ಹುಡುಗಿ ಹಿಂದಿನಿಂದ ಸೆರಗು ಹಿಡಿದಳಷ್ಟೇ. ಚಿಕ್ಕಮ್ಮ ತಟ್ಟೆ ಬಿಸಾಕಿ ಗೇಟಿನವರೆಗೆ ಓಡಿದ್ದಳು. ಹೆಡ್ ಸಿಸ್ಟರ್ ಬೈಯಲಿಲ್ಲ. "ಹೆದರಿಕೆ ತಪ್ಪಲ್ಲಮ್ಮ. ಆದ್ರೆ ಇನ್ನೊಂದ್ಸಲ ಪೇಷೆಂಟನ್ನ ಬಿಟ್ಟು ಓಡಿದ್ರೆ ಮನೆಗೆ ಹೋಗ್ಬೇಕಾಗುತ್ತೆ" ಎಂದರು.

ಅಂದಿನಿಂದ ತರಗತಿಯಲ್ಲಿ ಹೇಳಿದ್ದನ್ನೆಲ್ಲ ಚಿಕ್ಕಮ್ಮ ಚಾಚೂ ತಪ್ಪದೆ ಪಾಲಿಸತೊಡಗಿದಳು. ಬಳೆ ಬಿಚ್ಚಿಟ್ಟಳು. ಜಡೆ ಬಿಟ್ಟು ತುರುಬು ಕಟ್ಟಿದಳು. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಒಂದು ಪಾಠ: ರೋಗಿಯ ಕೋಣೆಯಲ್ಲಿ ಬಾಗಿಲು ಯಾವಾಗಲೂ ನಿನ್ನ ಬೆನ್ನಿಗಿರಲಿ. ಅದನ್ನು ಕೇಳಿ ಪುಣ್ಯಾತ್ಗಿತ್ತಿಗೆ ಹೋದ ಜೀವ ಬಂದಂತಾಯಿತು. ಯಾವ ಕೋಣೆಗೆ ಹೋದರೂ ಹೊಸ್ತಿಲ ಮೇಲೇ ನಿಂತು, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡೇ ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ, ವಾರ್ಡಿನಲ್ಲಿ ಎಲ್ಲರೂ ಟೀಚರಮ್ಮ ಎನ್ನುತ್ತಿದ್ದ ರೋಗಿಯನ್ನು ಸ್ನಾನಕ್ಕೆ ಕರೆತರಲು ಅವಳನ್ನು ಕಳಿಸಿದರು. ಶಾಲೆಯಲ್ಲಿ ಪಾಠ ಹೇಳಿದ್ದ ಎತ್ತರದ ಹೆಂಗಸು. ಯಾರೋ ತನ್ನನ್ನು ಕೂಡಿಹಾಕಲು ಬರುತ್ತಾರೆ ಎಂಬುದೇ ಆಕೆಯ ಕಾಯಿಲೆ. ಚಿಕ್ಕಮ್ಮ ಎಂದಿನಂತೆ ಹೊಸ್ತಿಲ ಮೇಲೆ ನಿಂತು ಕರೆದಳು. ಟೀಚರಮ್ಮ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆಯತೊಡಗಿದರು.

"ದಾರಿ ಬಿಡು."

"ಕೂತ್ಕೊಳಿ ಅಮ್ಮ, ಏನೂ ಆಗಲ್ಲ."

"ದಾರಿ ಬಿಡು ಅಂದೆ!" ನೀರಿನ ಮಗ್ಗು ಬಂದು ಗೋಡೆಗೆ ಬಡಿಯಿತು. ಚಿಕ್ಕಮ್ಮ ಚೌಕಟ್ಟನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಅವಳು ಹಿಡಿದಷ್ಟೂ ಅವರ ಕೂಗು ಏರಿತು.

ಹಿಂದಿನಿಂದ ಹೆಡ್ ಸಿಸ್ಟರ್ ದನಿ ಮೆಲ್ಲಗೆ ಬಂತು. "ಬಾಗಿಲು ನಿಂಗೊಬ್ಳಿಗೇ ಬೇಕಾ? ಅವ್ರೆಲ್ಲಿಂದ ಹೋಗ್ಬೇಕು? ಅಡ್ಡ ನಿಲ್ಬೇಡ."

ಹಿಂದಕ್ಕೆ ಸರಿದರೆ ವರಾಂಡ, ಅಲ್ಲಿಂದ ಗೇಟು, ಗೇಟಿನಾಚೆ ನಮ್ಮ ಮನೆಯ ಅಡುಗೆಕೋಣೆ. ಒಂದು ಹೆಜ್ಜೆ ಹಿಂದಿಟ್ಟರೆ ತನ್ನ ಕಾಲು ನಿಲ್ಲುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಳಗೆ ಕಾಲಿಟ್ಟಳು. ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಖಾಲಿ ಕೈಗಳನ್ನು ತೋರಿಸಿ ನಿಂತಳು. ಈಗ ಬೆನ್ನಿಗೆ ಬಾಗಿಲಿರಲಿಲ್ಲ. ಟೀಚರಮ್ಮ ಅವಳತ್ತಲೇ ನುಗ್ಗಿಬಂದರು. ಏಟು ಬಿತ್ತು ಅಂದುಕೊಂಡು ಚಿಕ್ಕಮ್ಮ ಕಣ್ಣು ಮುಚ್ಚಿದಳು.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಟೀಚರಮ್ಮ ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತ ವರಾಂಡದ ಉದ್ದಕ್ಕೂ ನೋಡುತ್ತಿದ್ದರು. ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ತಿರುಗಿದರು.

"ಯಾಕೆ ನಡುಗ್ತಿದೀಯ?"

ಸಮಾಧಾನದ ಮಾತು ಏನು ಆಡಬೇಕೆಂದು ತರಗತಿಯಲ್ಲಿ ಕಲಿಸಿದ್ದರು. ಒಂದೂ ನೆನಪಿಗೆ ಬರಲಿಲ್ಲ. "ನಿಮ್ಮನ್ನ ಕಂಡ್ರೆ ಭಯ ಆಗುತ್ತೆ" ಎಂದುಬಿಟ್ಟಳು.

"ನನ್ನಾ?" ಟೀಚರಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ತಾನು ನಿಂತ ಜಾಗ ನೋಡಿಕೊಂಡರು, ಗೋಡೆಗೆ ಒತ್ತಿಕೊಂಡಿದ್ದ ಇವಳನ್ನು ನೋಡಿದರು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಬೇಕಾದ್ರೆ ಹೋಗು. ನಾನೇನೂ ಮಾಡಲ್ಲ."

ವರಾಂಡದಲ್ಲಿ ಹೆಡ್ ಸಿಸ್ಟರ್ ನೋಡುತ್ತ ನಿಂತಿದ್ದರು. ಓಡಿಹೋಗಬೇಕೆಂದು ಆ ಗಳಿಗೆಯಲ್ಲಿ ಅನ್ನಿಸಿದಷ್ಟು ತನ್ನ ಜನ್ಮದಲ್ಲೇ ಅನ್ನಿಸಿರಲಿಲ್ಲವಂತೆ ಚಿಕ್ಕಮ್ಮನಿಗೆ. "ಇಲ್ಲ, ಇಲ್ಲೇ ಇರ್ತೀನಿ" ಎಂದು ಅಲ್ಲೇ ನೆಲದ ಮೇಲೆ ಕುಳಿತಳು.