ಲೈಸೆನ್ಸಿನ ಪಕ್ಕದ ಫೋಟೊ

ಹನೂರಿಗೆ ಹೋಗುವಾಗ ಪೊಲೀಸಿನವರೊಬ್ಬರು ಬೈಕಿಗೆ ಕೈ ಅಡ್ಡ ಹಾಕಿ ಲೈಸೆನ್ಸ್ ಕೇಳಿದರು. ಲೈಸೆನ್ಸಿನ ಆ್ಯಪ್ ತೆರೆಯಲು ನೆಟ್‌ವರ್ಕ್ ಇರಲಿಲ್ಲ. ಫೋನಿನಲ್ಲಿ ಉಳಿಸಿಕೊಂಡಿದ್ದ ಲೈಸೆನ್ಸಿನ ಫೋಟೊ ತೋರಿಸಿದೆ. ಅವರು ಫೋನನ್ನೇ ಇಸ್ಕೊಂಡು ಬೆರಳಲ್ಲಿ ಪಕ್ಕಕ್ಕೆ ಸರಿಸಿಬಿಟ್ಟರು. ಪರದೆಯ ಮೇಲೆ, ನಾನು ಮಾರನೇ ದಿನ ನೋಡಲು ಹೋಗಬೇಕಿದ್ದ ಧನಗೆರೆಯ ಹುಡುಗಿ ಬಂದಳು.

"ಇವ್ಳು ನಮ್ಮಕ್ಕನ ಮಗ್ಳು ಕಣ್ರಿ," ಅಂದರು.

ಹುಡುಗಿಯ ಸೋದರಮಾವ! ನಾನು ಬೈಕಿಂದ ಇಳಿದು ನಿಂತೆ.

ಅವರು ಮತ್ತೆ ಲೈಸೆನ್ಸಿಗೆ ಬಂದು, ಹುಟ್ಟಿದ ತಾರೀಖನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು. "ಮೂವತ್ತೇಳಾಯ್ತಲ್ರೀ ನಿಮ್ಗೆ. ಬ್ರೋಕರು ಮೂವತ್ತು ಅಂದಿದ್ದ."

"ಸಾ, ಅದು..."

ಫೋನ್ ವಾಪಸ್ ಕೊಟ್ಟರು. "ಲೈಸೆನ್ಸ್ ಸರಿಯಾಗೈತೆ, ಓಗಿ. ಧನಗೆರೆ ಕಡೆ ಮಾತ್ರ ಬರ್ಬೇಡಿ."

ಈಗ ಲೈಸೆನ್ಸಿನ ಕಾರ್ಡನ್ನೇ ಇಟ್ಟುಕೊಂಡು ಓಡಾಡುತ್ತೇನೆ. ಅದರಲ್ಲೂ ಹುಟ್ಟಿದ ತಾರೀಖಿದೆ. ಆದರೆ ಬೆರಳಲ್ಲಿ ಎಷ್ಟು ಉಜ್ಜಿದರೂ ಹುಡುಗಿ ಬರುವುದಿಲ್ಲ.